ಹಲ್ಲುಜ್ಜುವ ಹೊತ್ತಿನ ಓದು

ಹಲ್ಲುಜ್ಜುವುದಕ್ಕೆ 15 ನಿಮಿಷ ಬೇಕೆ? ದಕ್ಷಿಣ ಆಫ್ರಿಕದಲ್ಲಿ ವಕೀಲಿ ಮಾಡುತ್ತಿದ್ದ ಗಾಂಧೀಜಿಗೆ ಬೇಕಾಗುತ್ತಿತ್ತು. ಸ್ನಾನಕ್ಕೆ ಮತ್ತೆ 20 ನಿಮಿಷ. ಎದುರಿನ ಗೋಡೆಗೆ ಗೀತೆಯ ಶ್ಲೋಕದ ಚೀಟಿ ಅಂಟಿಸಿಕೊಂಡು, ಹಲ್ಲುಜ್ಜುತ್ತ ಹೊಸದನ್ನು ಓದಿ, ಸ್ನಾನ ಮಾಡುತ್ತ ಹಳೆಯದನ್ನು ಹೇಳಿಕೊಳ್ಳುತ್ತಿದ್ದರು. ಹೀಗೇ 13 ಅಧ್ಯಾಯ ಬಾಯಿಪಾಠವಾದವು. ಗೊರೂರರ ಕನ್ನಡದಲ್ಲಿ ಗಾಂಧೀಜಿಯ ಆತ್ಮಕಥೆ ಓದಿದವರಿಗೆ ಚೀಟಿ ನೆನಪಿರುತ್ತದೆ, ವಿಮೆ ಮರೆತಿರುತ್ತದೆ. ಏನನ್ನೂ ಕೂಡಿಡಬಾರದೆನ್ನುವ ಗೀತೆಯ ಅಪರಿಗ್ರಹದ ಮಾತು ಮನಸ್ಸಿಗೆ ನಾಟಿದ ಮೇಲೆ ಅವರು 10,000 ರೂಪಾಯಿಯ ತಮ್ಮ ವಿಮೆಗೆ ಕಂತು ಕಟ್ಟುವುದನ್ನೇ ಬಿಟ್ಟರು. ಬಾಯಿಪಾಠ ಮಾಡಿದವರು ಬೇಕಾದಷ್ಟು ಜನರಿದ್ದಾರೆ. ಕಂತು ಬಿಟ್ಟವರು ಎಷ್ಟು ಮಂದಿ?

ಬಗದಲ್‌ನಿಂದ ಬೀದರಿಗೆ ಹೋಗುವ ಬಸ್ಸಿನಲ್ಲಿ ಕಾಲೇಜು ಹುಡುಗನೊಬ್ಬ ಜೇಮ್ಸ್ ಕ್ಲಿಯರ್ ಬರೆದ ‘ಅಟಾಮಿಕ್ ಹ್ಯಾಬಿಟ್ಸ್’ ಹಿಡಿದು ಕೂತಿದ್ದ. 2018ರ ಪುಸ್ತಕ. ದಿನಾ ತಪ್ಪದೆ ಮಾಡುವ ಕೆಲಸದ ಬೆನ್ನಿಗೆ ಹೊಸ ಅಭ್ಯಾಸವನ್ನು ಜೋಡಿಸು ಎನ್ನುತ್ತದೆ. ಒಳ್ಳೆಯ ಮಾತು, ಗೋಡೆಯ ಚೀಟಿ ಮಾಡಿದ್ದೂ ಅದನ್ನೇ.

“ಕಾಕಾ, ಇದು ಮುಗೀತು. ಮುಂದ ಯಾವ್ದು ಓದ್ಲಿ?”

“ಇದ್ರಾಗಿಂದು ಏನು ಹಿಡ್ದಿಯಪ್ಪಾ?”

“ಎಲ್ಲಾ ಛಲೋ ಅದ ರೀ.”

ತೊಡಕು ಇರುವುದೇ ಅಲ್ಲಿ. ಇಡೀ ಪುಸ್ತಕ ಮೆಚ್ಚಿದವನಿಗೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಒಂದೇ ಒಂದು ವಿಚಾರ ಹಿಡಿದುಕೊ, ಆರು ತಿಂಗಳು ಬಿಡಬೇಡ ಎಂದೆ.

ಈ ವಿಷಯದಲ್ಲಿ ನನಗೆ ದೊಡ್ಡವಳಾಗಿ ಕಾಣುವವಳು ನಮ್ಮ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ದಿನಾ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ; ಅದರಲ್ಲೇ ದಾಸೋಹ ನಡೆಯುತ್ತಿತ್ತು. ಒಂದು ದಿನ ಅಳತೆ ಮೀರಿ ತಂದ. ಲಕ್ಕಮ್ಮ ನೋಡಿದಳು, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು. ಕಾಯಕ, ದಾಸೋಹ ಎಂದು ನಾವು ಗಂಟೆಗಟ್ಟಲೆ ಭಾಷಣ ಮಾಡುವ ವಿಚಾರ ಆಕೆಗೆ ಆ ದಿನದ ಅಕ್ಕಿಯ ಲೆಕ್ಕ. ಆ ಶರಣರ ವಚನಗಳನ್ನು ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವೆಂದು ಅಚ್ಚು ಹಾಕಿಸಿದರು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಕಡೆ ಆಗ ಕನ್ನಡ ಓದುವುದೇ ಕಷ್ಟ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಅವರನ್ನು ನೆನೆಯದೆ ಇಲ್ಲಿ ಪುಸ್ತಕದ ಮಾತು ಆಡಲು ನನಗಾಗುವುದಿಲ್ಲ.

ಇಷ್ಟಾದರೂ, ಪುಸ್ತಕ ದಿನಚರಿಗೆ ಇಳಿಯುವುದನ್ನು ಕಣ್ಣಾರೆ ನೋಡಬೇಕೆಂದರೆ ಮಳೆಗಾಲದ ರಾತ್ರಿ ಬುದ್ಧವಿಹಾರಕ್ಕೆ ಹೋಗಬೇಕು. ಆಷಾಢ ಹುಣ್ಣಿಮೆಯಿಂದ ಆಶ್ವಿನ ಹುಣ್ಣಿಮೆಯವರೆಗಿನ ಮೂರು ತಿಂಗಳ ವರ್ಷಾವಾಸದಲ್ಲಿ ಅಂಬೇಡ್ಕರರ ‘ಬುದ್ಧ ಮತ್ತು ಆತನ ಧಮ್ಮ’ವನ್ನು ಗಟ್ಟಿಯಾಗಿ ಓದುತ್ತಾರೆ. ಬಾಬಾಸಾಹೇಬರು ತೀರಿಕೊಂಡ ಮರುವರ್ಷ, 1957ರಲ್ಲಿ ಹೊರಬಂದ ಗ್ರಂಥ. ಅಂಕಿ ಹಾಕಿದ ಸಣ್ಣ ಸಣ್ಣ ತುಣುಕುಗಳಲ್ಲಿ ಬರೆದದ್ದರಿಂದ ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಮರುದಿನ ಅಲ್ಲಿಂದಲೇ ಹಿಡಿಯಬಹುದು. ತೊಗರಿ, ಸೋಯಾ ಹೊಲದಲ್ಲಿ ಕಳೆ ತೆಗೆದು ಬಂದ ಹೆಂಗಸರು ಊಟ ಮುಗಿಸಿ ಬರುತ್ತಾರೆ. ಮಕ್ಕಳು ತೊಡೆಯ ಮೇಲೆ ನಿದ್ದೆ ಹೋಗುತ್ತವೆ. ನಾನು ಹೋಗಿದ್ದ ರಾತ್ರಿ ಓದುತ್ತಿದ್ದವಳು ಹೈಸ್ಕೂಲಿನ ಹುಡುಗಿ. ಮದ್ಯ ಬಿಡಬೇಕೆನ್ನುವ ಪಂಚಶೀಲದ ಮಾತು ಬಂದಾಗ ಹಿಂದಿನಿಂದ ಒಬ್ಬ ಮುದುಕಿ, “ಕುಡ್ದು ಬರೋವ್ರಿಗಿ ಇದು ಯಾರು ಓದಿ ಹೇಳ್ಬೇಕವಾ?” ಎಂದು ಕೇಳಿದಳು. ಯಾರೂ ನಗಲಿಲ್ಲ. ಮರುದಿನ ಆಕೆ ಮಗನನ್ನೇ ಕರೆತಂದು ಬಾಗಿಲ ಹತ್ತಿರ ಕೂರಿಸಿದಳೆಂದು ಆಮೇಲೆ ತಿಳಿಯಿತು.

ಒಬ್ಬರೇ ಓದುವಾಗ ಇಂಥ ಪ್ರಶ್ನೆ ಕೇಳುವವರು ಯಾರು? ಅದಕ್ಕೇ ಹೇಳುತ್ತೇನೆ: ನಿಮ್ಮ ಪಂಚಾಯಿತಿಯ ಅರಿವು ಕೇಂದ್ರದಿಂದ ಒಂದು ಪುಸ್ತಕ ತನ್ನಿ. ರಾತ್ರಿ ಊಟವಾದ ಮೇಲೆ ಟಿವಿ ನಿಲ್ಲಿಸಿ, ಮನೆಯವರೆಲ್ಲ ಕೂತು ಎರಡು ಪುಟ ಗಟ್ಟಿಯಾಗಿ ಓದಿ. ಓದುವ ಕೆಲಸ ಮಕ್ಕಳಿಗೆ ಕೊಡಿ, ಪ್ರಶ್ನೆ ಕೇಳುವುದನ್ನು ಅಜ್ಜಿಗೆ ಬಿಡಿ.