ಮುಗದದ ಮಣ್ಣು, ಕ್ರಿಕೆಟ್ಟಿನ ಲೆಕ್ಕ

ಧಾರವಾಡದಿಂದ ಲೋಂಡಾ ಕಡೆಗೆ ಹೊರಟ ರೈಲು ಕ್ಯಾರಕೊಪ್ಪವನ್ನು ದಾಟಿದ ಮೇಲೆ ಸಿಗುವ ಸಣ್ಣ ನಿಲ್ದಾಣವೇ ಮುಗದ. ವಿಶಾಲವಾದ ಕೆರೆ, ಭತ್ತದ ಗದ್ದೆಗಳು, ಪಶ್ಚಿಮಕ್ಕೆ ಮಲೆನಾಡಿನ ಸೆರಗು. ಪೂರ್ವಕ್ಕೆ ತಿರುಗಿದರೆ ಹುಬ್ಬಳ್ಳಿ, ಅದರಾಚೆ ನವಲಗುಂದದ ಎರೆಯ ಬಯಲು. ಕೆಲವೇ ಹರದಾರಿಗಳೊಳಗೆ ಮಳೆ, ಮಣ್ಣು, ಬೆಳೆ ಮೂರೂ ಬದಲಾಗುವ ಸೀಮೆಯಿದು. ಇತ್ತ ಭತ್ತ, ಅತ್ತ ಜೋಳ, ಹತ್ತಿ, ಕಡಲೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಭತ್ತದ ಸಂಶೋಧನ ಕೇಂದ್ರ ಈ ಊರಿನಲ್ಲಿದೆ. ‘ಮುಗದ ಸುಗಂಧ’ವೆಂಬ ತಳಿಗೆ ಹೆಸರು ಬಂದುದು ಇಲ್ಲಿಂದಲೇ. ಒಣನೆಲದಲ್ಲಿ ಕೂರಿಗೆಯಿಂದ ಭತ್ತವನ್ನು ಬಿತ್ತಿ ಮಳೆಯ ದಾರಿ ಕಾಯುವುದು ಈ ಭಾಗದ ಹಳೆಯ ವಾಡಿಕೆ. ತಳಿಗಳನ್ನು ಪರೀಕ್ಷಿಸುವವರು ಒಂದೇ ಹೊಲದ ಇಳುವರಿಯನ್ನು ನಂಬುವುದಿಲ್ಲ. ಹಲವು ಊರುಗಳಲ್ಲಿ, ಹಲವು ಮಳೆಗಾಲಗಳಲ್ಲಿ ಬೆಳೆದು, ಪಕ್ಕದ ಮಡಿಯಲ್ಲಿರುವ ಬೇರೆ ತಳಿಯೊಡನೆ ತೂಗಿ ನೋಡಿದ ಮೇಲೆಯೇ ಅವರು ಬಾಯಿ ಬಿಡುವುದು. ಕ್ರಿಕೆಟ್ ಆಟಗಾರರ ಅಂಕಿಗಳನ್ನು ಓದುವಾಗ ಮಾತ್ರ ನಾವು ಈ ಎಚ್ಚರವನ್ನು ಗಾಳಿಗೆ ತೂರಿಬಿಡುತ್ತೇವೆ!

ಕನ್ನಡನಾಡಿನ ಅನಿಲ್ ಕುಂಬ್ಳೆಯವರನ್ನೇ ತೆಗೆದುಕೊಳ್ಳಿ. ಟೆಸ್ಟ್ ಪಂದ್ಯಗಳಲ್ಲಿ ಅವರು ಕೆಡವಿದ ವಿಕೆಟ್ಟುಗಳು 619. ಸ್ವದೇಶದ 63 ಪಂದ್ಯಗಳಲ್ಲಿ 350, ವಿಕೆಟ್ಟಿಗೆ ತೆತ್ತ ಬೆಲೆ 24.88 ರನ್ನು, ಹೊರಗಿನ 69 ಪಂದ್ಯಗಳಲ್ಲಿ 269, ಬೆಲೆ 35.85. ಇದನ್ನು ಕಂಡೊಡನೆ, ‘ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ’ ಎಂದು ತೀರ್ಪು ಕೊಡುವವರಿಗೇನೂ ಕೊರತೆಯಿಲ್ಲ.

ಅವರ ಜೊತೆಗಾರ ರಾಹುಲ್ ದ್ರಾವಿಡರ ಲೆಕ್ಕ ಇದಕ್ಕೆ ತಿರುಗುಮುರುಗು. ಸ್ವದೇಶದಲ್ಲಿ 51.35ರ ಸರಾಸರಿ, ಹೊರಗೆ 53.03. ಅವರ 36 ಶತಕಗಳಲ್ಲಿ 21 ಹೊರಗಿನ ನೆಲದಲ್ಲಿ ಬಂದವು. ಒಂದೇ ಊರಿನಲ್ಲಿ ಆಡಿ ಬೆಳೆದವರು, ಒಂದೇ ತಂಡದವರು. ಹಾಗಾದರೆ ವ್ಯತ್ಯಾಸವೇಕೆ?

ಉತ್ತರದ ಒಂದು ಪಾಲು ಮಣ್ಣಿನಲ್ಲಿದೆ. ಎರೆಮಣ್ಣಿನ ಪಿಚ್ಚಿನಲ್ಲಿ ಚೆಂಡು ಸಾಮಾನ್ಯವಾಗಿ ತಗ್ಗಾಗಿ, ನಿಧಾನವಾಗಿ ಬರುತ್ತದೆ. ಕೆಮ್ಮಣ್ಣಿನಲ್ಲಿ ಪುಟಿತ ಹೆಚ್ಚು. ನಮ್ಮ ಬಿಸಿಲಿಗೆ ಒಣಗಿ ಬಿರಿದ ಪಿಚ್ಚು ದಿನ ಕಳೆದಂತೆ ತಿರುಗು ಚೆಂಡಿಗೆ ಒಲಿಯುತ್ತದೆ. ಇಂಗ್ಲೆಂಡಿನ ತಂಪಿನಲ್ಲಿ, ಮೋಡದ ಕೆಳಗೆ, ಹಸಿರು ಹುಲ್ಲಿನ ಮೇಲೆ ಆ ಸೌಭಾಗ್ಯವೆಲ್ಲ ವೇಗದ ಬೌಲರರ ಪಾಲು. ಚೆಂಡೂ ಒಂದೇ ಅಲ್ಲ: ಭಾರತದಲ್ಲಿ ಎಸ್‌ಜಿ, ಇಂಗ್ಲೆಂಡಿನಲ್ಲಿ ಡ್ಯೂಕ್ಸ್, ಆಸ್ಟ್ರೇಲಿಯದಲ್ಲಿ ಕೂಕಬುರ್ರಾ.

ಆದರೆ ಮಣ್ಣೇ ಎಲ್ಲವೂ ಅಲ್ಲ. 2002ರಲ್ಲಿ ಹೆಡಿಂಗ್ಲಿಯ ಪಿಚ್ಚಿನಲ್ಲಿ ದ್ರಾವಿಡರು 148 ರನ್ನು ಗಳಿಸಿದಾಗ, ಅದೇ ಪಂದ್ಯದಲ್ಲಿ ಕುಂಬ್ಳೆಯವರು ಏಳು ವಿಕೆಟ್ಟುಗಳನ್ನು ಕಿತ್ತರು. ಭಾರತ ಇನ್ನಿಂಗ್ಸಿನ ಅಂತರದಿಂದ ಗೆದ್ದಿತು. ಮರುವರ್ಷದ ಆಸ್ಟ್ರೇಲಿಯ ಪ್ರವಾಸದಲ್ಲಿ ಕುಂಬ್ಳೆಯವರು ಮೂರೇ ಟೆಸ್ಟುಗಳಲ್ಲಿ 24 ವಿಕೆಟ್ಟು ಪಡೆದರು. 35.85 ಎಂಬ ಒಂದೇ ಅಂಕಿಯೊಳಗೆ ಎಳೆಯ ವಯಸ್ಸಿನ ಸೋಲು, ಮಾಗಿದ ವಯಸ್ಸಿನ ಈ ಗೆಲುವು ಎರಡೂ ಕಲಸಿಹೋಗಿವೆ.

ಎರಪಳ್ಳಿ ಪ್ರಸನ್ನರ 1967-68ರ ಪ್ರವಾಸ ಇನ್ನೂ ದೊಡ್ಡ ಪಾಠ. ಆಸ್ಟ್ರೇಲಿಯದಲ್ಲಿ ಅವರಿಗೆ 25 ವಿಕೆಟ್ಟು, ಅಲ್ಲಿಂದ ಹೋದ ನ್ಯೂಜಿಲೆಂಡಿನಲ್ಲಿ 24. ಮೊದಲನೆಯ ನೆಲದಲ್ಲಿ ಭಾರತ ನಾಲ್ಕು ಟೆಸ್ಟುಗಳನ್ನೂ ಸೋತಿತು. ಎರಡನೆಯದರಲ್ಲಿ 3-1ರಿಂದ ಗೆದ್ದು, ವಿದೇಶದಲ್ಲಿ ಮೊತ್ತಮೊದಲ ಸರಣಿ ಜಯವನ್ನು ಪಡೆಯಿತು. ಕೈಚಳಕ ಅದೇ, ಫಲ ಬೇರೆ.

ಇನ್ನು ತವರೆಂಬುದೂ ಯಾವಾಗಲೂ ತಾಯಿಯ ಮಡಿಲಲ್ಲ. 1952ರಲ್ಲಿ ಲಖನೌದಲ್ಲಿ ಸೆಣಬಿನ ಚಾಪೆ ಹಾಸಿದ ಪಿಚ್ಚಿನ ಮೇಲೆ ಪಾಕಿಸ್ತಾನದ ಫಜಲ್ ಮಹಮೂದ್ 94 ರನ್ನಿಗೆ 12 ವಿಕೆಟ್ಟು ಪಡೆದು ಭಾರತವನ್ನು ಅದರ ಮನೆಯಲ್ಲಿಯೇ ಮಣಿಸಿದರು. ಅತಿಥಿಗೆ ಒಗ್ಗಿದ ಹಾಸನ್ನು ಮನೆಯವರೇ ಹಾಸಿಕೊಟ್ಟಂತಾಯಿತು!

ನಮ್ಮ ಸೀಮೆಯ ಹುಡುಗರಿಗಂತೂ ‘ಹೊರನಾಡು’ ಹಡಗು-ವಿಮಾನಗಳಾಚೆಗೆ ಇರುವುದಲ್ಲ. ಮನೆಯ ಹೊಸ್ತಿಲಿಗೇ ಆರಂಭವಾಗುತ್ತದೆ. ಗದುಗಿನ ಸುನಿಲ್ ಜೋಶಿಯವರು ಬಾಲ್ಯದಲ್ಲಿ ನಸುಕಿನಲ್ಲೆದ್ದು ಅಭ್ಯಾಸಕ್ಕಾಗಿ ಹುಬ್ಬಳ್ಳಿಗೆ ಬಂದು, ಮತ್ತೆ ಊರಿಗೆ ಮರಳಿ ಶಾಲೆ ಸೇರುತ್ತಿದ್ದರು. ಅದೇ ಎಡಗೈ 1999ರಲ್ಲಿ ದೂರದ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಹತ್ತು ಓವರುಗಳಲ್ಲಿ ಕೇವಲ 6 ರನ್ನು ಕೊಟ್ಟು 5 ವಿಕೆಟ್ಟು ಕಿತ್ತಿತು.

ಸುಗ್ಗಿ ಮುಗಿದ ಗದ್ದೆಯ ಕೂಳೆಗಳ ನಡುವೆ ಚೆಂಡು ಎಲ್ಲಿ ಪುಟಿಯುವುದೋ ದೇವರೇ ಬಲ್ಲ. ಅಂಥಲ್ಲಿ ಬ್ಯಾಟು ಹಿಡಿಯಲು ಕಲಿತವನು ಬೆಂಗಳೂರಿನ ಹುಲ್ಲುಹಾಸಿಗೆ ಹೋಗಿ ಒಂದು ಬೆಳಗ್ಗೆ ಸೊನ್ನೆಗೆ ಔಟಾದರೆ, ಆ ಸೊನ್ನೆ ಅವನ ಹೆಸರಿನ ಮುಂದೆ ಶಾಶ್ವತವಾಗಿ ನಿಲ್ಲಬಹುದು. ಅಂಕಿ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ತಾನು ಯಾವ ನೆಲದಲ್ಲಿ ಹುಟ್ಟಿದೆನೆಂಬುದನ್ನು ಅದು ತಾನಾಗಿ ಹೇಳುವುದೂ ಇಲ್ಲ. ಅದನ್ನು ಕೇಳಿ ತಿಳಿಯುವುದು ಆಯ್ಕೆಗಾರರ ಧರ್ಮ, ನೋಡುಗರ ಧರ್ಮವೂ ಹೌದು. ಬಿತ್ತುವ ಬೀಜಕ್ಕೆ ಹಲವು ಹೊಲಗಳ, ಹಲವು ಮಳೆಗಾಲಗಳ ಅವಕಾಶವನ್ನು ಕೊಡುವವರು ಆಡುವ ಹುಡುಗನಿಗೆ ಅಷ್ಟನ್ನಾದರೂ ಕೊಡಬೇಡವೆ?