ಕಾಣದ ಮಳೆಯ ನೀರು

ರಾಯಚೂರು ಜಿಲ್ಲೆಯ ಮಳೆಗಾಲ ವಿಚಿತ್ರವಾದುದು. ತೊಗರಿಗೂ ಹತ್ತಿಗೂ ಹದವಾದ ಮಳೆ ಬಾರದೆ ರೈತರು ಮುಗಿಲು ನೋಡುತ್ತಿರುವ ದಿನಗಳಲ್ಲೇ ಕೃಷ್ಣಾ ನದಿ ದಡ ಮೀರಿ ಹರಿಯುತ್ತಿರುತ್ತದೆ. ಆ ನೀರು ನಮ್ಮ ಊರಿನ ಮಳೆಯದಲ್ಲ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಸುರಿದದ್ದು ಆಲಮಟ್ಟಿಗೆ ಬಂದು, ಅಲ್ಲಿಂದ ನಾರಾಯಣಪುರದ ಬಸವಸಾಗರಕ್ಕೆ ಇಳಿದು, ಗೇಟುಗಳು ತೆರೆದಾಗ ಲಿಂಗಸುಗೂರು, ದೇವದುರ್ಗ, ರಾಯಚೂರು ತಾಲ್ಲೂಕುಗಳ ದಡಕ್ಕೆ ತಲುಪುತ್ತದೆ. ದಕ್ಷಿಣದಲ್ಲಿ ಮಾನ್ವಿ ಸೀಮೆಯ ತುಂಗಭದ್ರೆಯ ಕಥೆಯೂ ಇದೇ. ಮಲೆನಾಡಿನ ಮಳೆ ಹೊಸಪೇಟೆಯ ಅಣೆಕಟ್ಟನ್ನು ದಾಟಿ ನಮ್ಮಲ್ಲಿಗೆ ಬರುತ್ತದೆ. ನೆತ್ತಿಯ ಮೇಲೆ ಬಿಸಿಲು, ಕಾಲ ಕೆಳಗೆ ಪ್ರವಾಹ. ಇದು ಎರಡು ನದಿಗಳ ನಡುವೆ ಬದುಕುವ ನಮ್ಮ ಪಾಡು.

ಹೊಸ ನೀರು ಬಂದಾಗ ಮೀನು ಮೇಲೇರುತ್ತದೆ. ತತ್ತಿಯಿಡುವ ಕಾಲದ ಮೀನುಗಳು ಪ್ರವಾಹಕ್ಕೆ ಎದುರಾಗಿ ಈಜುವುದು ಅಲ್ಲಾಹನು ಅವುಗಳ ಪ್ರಕೃತಿಯಲ್ಲಿ ಇಟ್ಟ ನಿಯಮ. ಆದ್ದರಿಂದಲೇ ಈ ದಿನಗಳಲ್ಲಿ ನಮ್ಮ ಯುವಕರಿಗೆ ಬಲೆ, ಗಾಳಗಳ ನೆನಪಾಗುತ್ತದೆ. ರಜೆಯ ದಿನ ನಾಲ್ಕಾರು ಗೆಳೆಯರು ಬೈಕುಗಳಲ್ಲಿ ನದಿಗೆ ಹೊರಡುತ್ತಾರೆ. ದಡದಲ್ಲಿ ಹರಿಗೋಲು ಸಿಕ್ಕರೆ ನಡುನೀರಿಗೂ ಹೋಗುತ್ತಾರೆ. ಈ ಆಸೆಯನ್ನು ನಾನು ದೂರುವುದಿಲ್ಲ. ನೀರಿನ ಬೇಟೆಯನ್ನು ಪವಿತ್ರ ಕುರ್‌ಆನ್ ನಮಗೆ ಹಲಾಲ್ ಮಾಡಿದೆ. ನಾನೂ ಹಲವು ಸಲ ಹರಿಗೋಲಿನಲ್ಲಿ ಕುಳಿತವನು. ಕೃಷ್ಣೆಯ ಮೀನಿನ ಸಾರಿನ ರುಚಿಯನ್ನು ಬಲ್ಲವನು.

ಕೆಲವು ವರ್ಷಗಳ ಹಿಂದೆ ದೇವದುರ್ಗ ತಾಲ್ಲೂಕಿನ ನದಿದಡದಲ್ಲಿ ನನ್ನ ಅಕ್ಕನ ಮಗ ಹರಿಗೋಲು ಹತ್ತಲು ಅವಸರಪಡುತ್ತಿದ್ದ. “ಮಾಮು, ಮುಗಿಲು ಎಷ್ಟು ತಿಳಿಯಾಗಿದೆ ನೋಡಿ” ಎಂದ. ಅಲ್ಲಿದ್ದ ವಯಸ್ಸಾದ ಅಂಬಿಗರು ನನ್ನ ಕಡೆ ತಿರುಗಿ, “ಮುಗಿಲು ನೋಡಬ್ಯಾಡ್ರಿ ಸಾಹೇಬ್ರ, ನೀರಿನ ಬಣ್ಣ ನೋಡ್ರಿ” ಎಂದರು. ಅವರು ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟಿದ್ದರು. ನಾವು ಮಾತನಾಡುತ್ತಿದ್ದ ಅರ್ಧ ತಾಸಿನಲ್ಲಿ ಆ ಕಡ್ಡಿ ಮುಳುಗಿತು. ನೀರು ಕೆಂಪಾಗುತ್ತಿತ್ತು, ನೊರೆಯೂ ಕಸಕಡ್ಡಿಯೂ ತೇಲಿ ಬರುತ್ತಿದ್ದವು. ಆ ದಿನ ಅವರು ಹರಿಗೋಲನ್ನು ನೀರಿಗೆ ಇಳಿಸಲಿಲ್ಲ. ನಾವು ಬರಿಗೈಯಲ್ಲಿ ಮನೆಗೆ ಬಂದೆವು.

ಅಣೆಕಟ್ಟಿನಿಂದ ಬಿಡುವ ನೀರನ್ನು ಕ್ಯೂಸೆಕ್‌ನಲ್ಲಿ ಹೇಳುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರ್. 12 ಸಾವಿರ ಲೀಟರಿನ 230ಕ್ಕೂ ಹೆಚ್ಚು ಟ್ಯಾಂಕರುಗಳ ನೀರು ಒಂದೇ ಸೆಕೆಂಡಿನಲ್ಲಿ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಆರು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿದುಬಂದಿತ್ತು. ಬಿದಿರಿನಿಂದ ಹೆಣೆದ, ದುಂಡಗಿನ, ಚಪ್ಪಟೆ ತಳದ ಹರಿಗೋಲು ಇಂಥ ಸೆಳೆತಕ್ಕೆ ಸಿಕ್ಕರೆ ಗಿರಗಿರನೆ ತಿರುಗುತ್ತದೆ. ಒಬ್ಬನು ಎದ್ದು ನಿಂತರೂ ಮಗುಚಬಹುದು. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕುಲದ ಬಳಿ ಕೃಷ್ಣೆ ದಾಟುತ್ತಿದ್ದ ತೆಪ್ಪ ಮಗುಚಿ ನಾಲ್ವರು ಕೊಚ್ಚಿಹೋದರು. ನಡುಗಡ್ಡೆಯ ಆ ಜನರಿಗೆ ನದಿ ದಾಟುವುದು ನಿತ್ಯದ ಅನಿವಾರ್ಯ. ನಮ್ಮ ಮಕ್ಕಳಿಗೆ ಅಂಥ ಅನಿವಾರ್ಯ ಏನಿದೆ?

ಇನ್ನು 2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಮಳೆಯಲ್ಲ, ಒಂದು ಸರಪಳಿ ತುಂಡಾದದ್ದೇ ನದಿ ಉಕ್ಕಲು ಸಾಕಾಯಿತು. ಆ ರಾತ್ರಿ ಕೆಳಗಿನ ದಡದವರನ್ನು ಎಚ್ಚರಿಸಿದ್ದು ಕಣ್ಣಿಗೆ ಕಂಡ ನೀರಲ್ಲ, ಕಿವಿಗೆ ಬಿದ್ದ ಸುದ್ದಿ.

ಇಲ್ಲಿ ನನಗೆ ಹಝ್ರತ್ ಉಮರ್(ರ) ಅವರ ಸಿರಿಯಾ ಪ್ರಯಾಣ ನೆನಪಾಗುತ್ತದೆ. ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದಿನ ನಾಡಿನಲ್ಲಿ ಪ್ಲೇಗ್ ಹರಡಿದೆಯೆಂಬ ಸುದ್ದಿ ಬಂತು. ಅವರು ಹಿರಿಯರೊಡನೆ ಸಮಾಲೋಚಿಸಿ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವಿರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿರುವುದಾಗಿ ಉಮರ್(ರ) ಉತ್ತರಿಸಿದರು. ಅವರು ಆ ರೋಗವನ್ನು ಕಣ್ಣಾರೆ ಕಂಡಿರಲಿಲ್ಲ. ನಂಬಲರ್ಹರಾದವರು ತಂದ ಸುದ್ದಿಯನ್ನು ಕೇಳಿ ಮರಳಿದರು. ನಮ್ಮ ನದಿಯ ಅಪಾಯವೂ ಅಂಥದ್ದೇ. ಜಿಲ್ಲಾಡಳಿತದ ಎಚ್ಚರಿಕೆ, ಊರಿನಲ್ಲಿ ಸಾರುವ ಡಂಗುರ, ಅಂಬಿಗನ ಒಂದು ಮಾತು, ಇವುಗಳನ್ನು ಕಡೆಗಣಿಸಿ “ಹಣೆಬರಹದಲ್ಲಿ ಇದ್ದದ್ದು ಆಗುತ್ತದೆ” ಎನ್ನುವುದು ತವಕ್ಕುಲ್ ಅಲ್ಲ. ತಮ್ಮನ್ನು ತಾವೇ ನಾಶಕ್ಕೆ ಒಡ್ಡಿಕೊಳ್ಳುವುದನ್ನು ಕುರ್‌ಆನ್ ತಡೆದಿದೆ.

ಆದ್ದರಿಂದ ಹೆತ್ತವರಲ್ಲಿ ನನ್ನ ವಿನಂತಿ ಇಷ್ಟು. ನೀರು ಬಿಡುವ ಸೂಚನೆಯಿದ್ದ ದಿನ ಮಕ್ಕಳನ್ನು ನದಿಗೆ ಕಳುಹಿಸಬೇಡಿ. ಉಳಿದ ದಿನಗಳಲ್ಲಿ ಹೋದರೂ ಲೈಫ್ ಜಾಕೆಟ್ ಇಲ್ಲದೆ ಹರಿಗೋಲು ಹತ್ತದಿರಲಿ. ಈಜು ಬರುವವನಿಗೂ ಅದು ಬೇಕು. ಬಲೆಯ ಹಗ್ಗವನ್ನು ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಬಾರದು. ದೇವದುರ್ಗದ ಗೂಗಲ್ ಬ್ಯಾರೇಜ್, ಮಾನ್ವಿ ಕಡೆಯ ರಾಜೋಳಿಬಂಡ ಆಣೆಕಟ್ಟುಗಳಂಥ ಕಡೆ ಒಡ್ಡಿನ ಕೆಳಗೆ ಮೀನು ಗುಂಪುಗೂಡುವುದು ನಿಜ. ಆದರೆ ಅಲ್ಲಿ ಧುಮ್ಮಿಕ್ಕುವ ನೀರು ಮನುಷ್ಯನನ್ನು ಮತ್ತೆ ಮತ್ತೆ ಒಳಗೆ ಎಳೆಯುತ್ತದೆ. ಗುಡುಗು ಕೇಳಿದೊಡನೆ ದಡ ಸೇರಬೇಕು. ಯಾರಾದರೂ ಬಿದ್ದರೆ ಹಿಂದೆಯೇ ಹಾರದೆ ಹಗ್ಗವನ್ನೋ ಮುಚ್ಚಿದ ಖಾಲಿ ಕ್ಯಾನನ್ನೋ ಎಸೆಯಬೇಕು; 112ಕ್ಕೆ ಕರೆ ಮಾಡಬೇಕು. ಎಲ್ಲಿಗೆ, ಯಾರೊಡನೆ, ಎಷ್ಟು ಹೊತ್ತಿಗೆ ಹಿಂದಿರುಗುವುದು ಎಂಬುದು ಮನೆಯವರಿಗೆ ತಿಳಿದಿರಲಿ.

ಮಸೀದಿಗಳ ಜವಾಬ್ದಾರರಲ್ಲಿ ಇನ್ನೊಂದು ಮಾತು. ಆಷಾಢ, ಶ್ರಾವಣಗಳಲ್ಲಿ ಜುಮಾ ನಮಾಝಿನ ಬಳಿಕ ನದಿಗೆ ಎಷ್ಟು ನೀರು ಬಿಟ್ಟಿದ್ದಾರೆಂಬುದನ್ನು ಒಂದು ನಿಮಿಷ ಪ್ರಕಟಿಸಿರಿ. ಹಿಂದಿನ ಸಾಲಿನಲ್ಲಿ ಕುಳಿತ, ಆ ಸಂಜೆಯೇ ಗಾಳ ಹಿಡಿದು ಹೊರಡಲಿದ್ದ ಹುಡುಗನೊಬ್ಬನು ಅದನ್ನು ಕೇಳಿಸಿಕೊಂಡು ಮನೆಯಲ್ಲೇ ಉಳಿದರೆ, ಒಂದು ಜೀವವನ್ನು ಉಳಿಸಿದ ಪುಣ್ಯ ಆ ಒಂದು ನಿಮಿಷಕ್ಕೆ ಸಲ್ಲುತ್ತದೆ, ಇನ್‌ಶಾ ಅಲ್ಲಾಹ್.