ಹೆಗಲ ಮೇಲೊಂದು ಹಗುರ ಕತ್ತಲು

ಬೆಳಕಿಗೆ ಬರವೇ ಇಲ್ಲದ ಸೀಮೆ ನಮ್ಮದು. ಆಳಂದ, ಅಫಜಲಪುರ, ಜೇವರ್ಗಿಯ ಎರೆಹೊಲಗಳ ಮೇಲೆ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟಿ ನಿಂತಾಗ ನೆರಳಿಗೂ ನೆರಳು ಬೇಕೆನಿಸುತ್ತದೆ. ಇಂಥಲ್ಲಿ ದೊಡ್ಡ ಕ್ಯಾಮೆರಾ ಹೊತ್ತು ತಿರುಗುವವರಿಗೆ ಸಿಗದೇ ಹೋಗುವುದು ಕತ್ತಲು. ಕ್ಯಾಮೆರಾದ ಹಿಂಬದಿಯ 4×5 ಇಂಚಿನ ಉಜ್ಜುಗಾಜಿನ ಮೇಲೆ ಮೂಡುವ ಬಿಂಬ ಬಲು ಸಂಕೋಚದ್ದು. ಸುತ್ತ ಕತ್ತಲು ಕಟ್ಟಿಕೊಟ್ಟರಷ್ಟೇ ಮುಖ ತೋರಿಸುತ್ತದೆ. ಅದಕ್ಕೇ ತಲೆಯ ಮೇಲೆ ಎಳೆದುಕೊಳ್ಳುವ ಆ ಕರಿಬಟ್ಟೆ.

ಕತ್ತಲಿನ ಗುಣವನ್ನಷ್ಟೇ ನೋಡುವುದಾದರೆ ಕುರಿಗಾಹಿಯ ಕರಿಕಂಬಳಿಗೆ ಸಮನಿಲ್ಲ. ಅದರೊಳಗಿನದು ಉಣ್ಣೆಯ ವಾಸನೆಯಿರುವ, ಅಪ್ಪಟ ಅಮಾವಾಸ್ಯೆ. ಆದರೆ ನಮ್ಮ ಬಿಸಿಲಲ್ಲಿ ಅದನ್ನು ಹೊದ್ದವರು ಬಿಂಬ ನೋಡುವ ಮೊದಲೇ ಬೆವರಿ ಹೊರಬರುತ್ತಾರೆ. ಮಖಮಲ್ಲೂ ಅದೇ ಜಾತಿ, ಅಂದದ ಜೊತೆಗೆ ಭಾರ. ಛತ್ರಿ ಬಟ್ಟೆ ಹಗುರವೇನೋ ಹೌದು; ಜೇವರ್ಗಿಯ ಬಯಲುಗಾಳಿ ಒಮ್ಮೆ ಬೀಸಿದರೆ ಜಾರಿ ತೊಗರಿ ಹೊಲಕ್ಕೆ ಹಾರುತ್ತದೆ.

ನನ್ನ ಮನಸ್ಸು ನಿಂತದ್ದು ಬುರ್ಖಾ ಹೊಲಿಯುವ ನಿದಾ ಬಟ್ಟೆಯ ಮೇಲೆ. ಮುಟ್ಟಿದರೆ ತಣ್ಣಗೆ ಜಾರುತ್ತದೆ, ಹೆಗಲ ಮೇಲೆ ಬಿಟ್ಟರೆ ತಾನಾಗಿಯೇ ಇಳಿಬೀಳುತ್ತದೆ, ಮಡಚಿದರೆ ಚೀಲದ ಮೂಲೆ ಸಾಕು. ಆಳಂದದ ಅಂಗಡಿಯವರು ಥಾನು ಬಿಚ್ಚಿ, “ಒಳಗ ಏನ್ ನೋಡ್ತೀರಿ, ಹೊರಗ ಬಿಸಿಲಿಗೆ ಹಿಡದು ನೋಡ್ರಿ” ಎಂದರು. ಕತ್ತಲಿನ ಪರೀಕ್ಷೆ ಅದೊಂದೇ. ನೇಯ್ಗೆಯ ಸಂದಿಯಲ್ಲಿ ಚುಕ್ಕಿಗಳು ಕಂಡರೆ ಎರಡು ಪದರು ಬೇಕು. ಅದರ ಮೇಲೆ, ಬಿಸಿಲನ್ನು ಹಿಂದಕ್ಕೆ ಕಳಿಸಲು ಹಳೆಯ ಬಿಳಿ ಧೋತರದ ಹೊರಮೈ. ಗಾಳಿಗೆ ಅಲುಗದಂತೆ ನಾಲ್ಕು ಮೂಲೆಗಳ ಮಡಿಕೆಯಲ್ಲಿ ಒಂದೊಂದು ಉಂಗುರ. ಬುರ್ಖಾ, ಧೋತರ ಎರಡೂ ಕೂಡಿದ ಈ ಸಂಚಾರಿ ಇರುಳಿಗೆ ನಮ್ಮೂರಿನ ಮೈಬಣ್ಣವೇ ಬಂತೆಂದು ನನಗೆ ಹಿಗ್ಗು.

ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ ಅಮರ್ಜಾ ಕೂಡುವ ಸಂಗಮದ ಎದುರು ಇದರೊಳಗೆ ಹೊಕ್ಕು ನೋಡಬೇಕು. ಗಾಜಿನಲ್ಲಿ ಹೊಳೆ ಮೇಲಿರುತ್ತದೆ, ಆಕಾಶ ಕೆಳಗೆ. ನೀರು ಬಂದ ದಿಕ್ಕಿಗೇ ಮರಳುತ್ತದೆ. ಮುಳುಗಿದವರು ಕೆಳಮುಖವಾಗಿ ಮೇಲೇಳುತ್ತಾರೆ. ಮೊದಲ ಗಳಿಗೆ ಕಣ್ಣಿಗೆ ಬರೀ ಬೂದುಮಬ್ಬು. ಲೆನ್ಸಿನ ಬಾಯನ್ನು ಎಫ್ 5.6ರಿಂದ ಎಫ್ 22ಕ್ಕೆ ಕಿರಿದು ಮಾಡಿದರಂತೂ ಬೆಳಕು 16ರಲ್ಲಿ 1 ಪಾಲು. ಆದರೂ ಕಣ್ಣು ಕತ್ತಲಿಗೆ ಒಗ್ಗುತ್ತ ಹೋದಂತೆ ಮೆಟ್ಟಿಲು, ಒದ್ದೆ ಬಟ್ಟೆ, ದೂರದ ಜಾಲಿಗಿಡ ಒಂದೊಂದಾಗಿ ಬರತೊಡಗುತ್ತವೆ.

ಹೀಗೆ ಒಳಗಿರುವಾಗ ರಾಜಾ ದೀನ್ ದಯಾಳರು ನೆನಪಾಗುತ್ತಾರೆ. ಹೈದರಾಬಾದಿನ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ಅವರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ 1948ರವರೆಗೆ ಅದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಗಾಜಿನ ಫಲಕಗಳ ಆ ಕಾಲದಲ್ಲಿ ಅರಮನೆಯ ಮುಂದೆ ನಿಂತವರಿಗೂ ಇದೇ ದಖ್ಖನದ ಬಿಸಿಲು, ತಲೆಯ ಮೇಲೆ ಇಂಥದೇ ಮುಸುಕು. ಅವರ ಚಿತ್ರಗಳ ನಿರಾಳವನ್ನು ಕಂಡಾಗಲೆಲ್ಲ, ಮುಸುಕಿನೊಳಗೆ ಅವರು ಎಷ್ಟು ಹೊತ್ತು ನಿಂತಿದ್ದಿರಬಹುದು ಎಂದು ಯೋಚಿಸುತ್ತೇನೆ.

ಬಟ್ಟೆಯ ಹಗುರವನ್ನು ನಾನು ಗ್ರಾಮಿನಲ್ಲಿ ತೂಗುವುದಿಲ್ಲ. ಉಸಿರು ಕಟ್ಟದೆ, ಹೊರಬರುವ ಆತುರ ಹುಟ್ಟದೆ ಎಷ್ಟು ಹೊತ್ತು ಒಳಗಿರಲು ಬಿಡುತ್ತದೆಯೋ ಅಷ್ಟು ಅದು ಹಗುರ. ಆ ಹೊತ್ತಿನಲ್ಲೇ ತಾನೆ ನೋಟ ಮಾಗುವುದು! ದೊಡ್ಡ ಕ್ಯಾಮೆರಾದ ಹಂಬಲವಿದ್ದವರು ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟೆ: ಮೊದಲು ಬಟ್ಟೆಯ ಬಜಾರಿಗೆ ಹೋಗಿ, ಲೆನ್ಸು ಆಮೇಲೆ ಕೊಂಡರಾಯಿತು.